ಹಳೆಯ ವಿಜ್ಞಾನ ಚಿತ್ರಗಳೂ ನಮ್ಮ ಕಿರಿಯರೂ

ವಿಜ್ಞಾನವನ್ನು ಆಧಾರವಾಗಿಟ್ಟುಕೊಂಡು ಕಲ್ಪನೆಯಿಂದ ಕಟ್ಟಿದ ಹಳೆಯ ಚಲಚ್ಚಿತ್ರಗಳನ್ನು ಇಂದಿನ ಹುಡುಗ ಹುಡುಗಿಯರು ನೋಡಿರಬೇಕೆ? ಐವತ್ತು, ಎಪ್ಪತ್ತು, ನೂರು ವರ್ಷಗಳ ಹಿಂದೆ ತೆಗೆದ ಚಿತ್ರಗಳು ಅವು. ಕೆಲವು ಮೂಕಚಿತ್ರಗಳು, ಹಲವು ಕಪ್ಪು ಬಿಳುಪಿನವು. ಅವುಗಳಲ್ಲಿ ರಾಕೆಟ್ಟು ರಟ್ಟಿನದು, ರಾಕ್ಷಸ ರಬ್ಬರಿನದು, ಚಂದ್ರಲೋಕವೆಂದರೆ ಬಣ್ಣ ಬಳಿದ ಪರದೆ. ಅಂಗೈಯಗಲದ ಫೋನಿನಲ್ಲಿ ಗ್ರಹಗಳು ಸಿಡಿದು ಚೂರಾಗುವುದನ್ನು ದಿನವೂ ನೋಡುವ ಮಕ್ಕಳ ಮುಂದೆ ಇವನ್ನು ತಂದಿಡುವುದರಿಂದ ಏನು ಪ್ರಯೋಜನ? ಬರಿಯ ಮನರಂಜನೆಯ ಮಾತು ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿಯೂ ಬೆಂಗಳೂರಿನ ಪೂರ್ವಕ್ಕಿರುವ ದೊಡ್ಡನೆಕ್ಕುಂದಿಯಂಥ ಊರಿನ ಕಡೆಯಿಂದ ನೋಡಿದಾಗ ಈ ಪ್ರಶ್ನೆಗೆ ಬೇರೆಯೇ ಒಂದು ತೂಕ ಬರುತ್ತದೆ.

ದೊಡ್ಡನೆಕ್ಕುಂದಿಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಒಂದು ಕಾಲಕ್ಕೆ ಕೆರೆ, ಹೊಲ, ಗುಡಿ ಇಷ್ಟೇ ಇದ್ದ ಹಳ್ಳಿ. ಇಂದು ಅದರ ಮಗ್ಗುಲಲ್ಲಿ ಹೊರವರ್ತುಲ ರಸ್ತೆ ಹಾದುಹೋಗಿದೆ. ರಸ್ತೆಯುದ್ದಕ್ಕೂ ಗಾಜಿನ ಕಚೇರಿಗಳು ಎದ್ದಿವೆ. ಇಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹ ಜೋಡಣೆ ಮತ್ತು ಪರೀಕ್ಷಾ ಕೇಂದ್ರವಿದೆ. ಗಾಳಿಯಿಲ್ಲದ ಕಡೆ ಬಾಳಬೇಕಾದ ಯಂತ್ರವನ್ನು ಮೊದಲೇ ಗಾಳಿ ತೆಗೆದ ಕೋಣೆಯಲ್ಲಿಟ್ಟು, ಶಾಖಕ್ಕೂ ಚಳಿಗೂ ಒಡ್ಡಿ, ಗಡಗಡನೆ ನಡುಗಿಸಿ, ತಡೆದೀತೋ ಇಲ್ಲವೋ ಎಂದು ನೋಡುವ ಜಾಗ ಅದು. ೨೦೧೯ರಲ್ಲಿ ಚಂದ್ರಯಾನ-೨ರ ನೌಕೆ ಶ್ರೀಹರಿಕೋಟಾಕ್ಕೆ ಹೊರಡುವ ಮುನ್ನ ಇಲ್ಲಿದ್ದಿತು. ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ೧೯೪೦ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆ. ಒಟ್ಟಿನಲ್ಲಿ, ಹಿಂದಿನವರು ಕಥೆಯಲ್ಲಿ ಕಂಡದ್ದನ್ನು ಇಲ್ಲಿಯ ಜನ ದಿನಗೂಲಿಗೂ ತಿಂಗಳ ಸಂಬಳಕ್ಕೂ ಮಾಡುತ್ತಿದ್ದಾರೆ. ಹಾಗಿರುವಾಗ ಆ ಕಥೆಗಳು ಇನ್ನೇಕೆ ಎಂದು ಕೇಳುವವರಿದ್ದಾರೆ. ಮಾಡುವ ಕೈ ಇಲ್ಲಿರುವುದರಿಂದಲೇ ಆ ಕಥೆಗಳು ಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದು ನೋಡೋಣ.

೧೯೦೨ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಎಂಬ ಜಾದೂಗಾರ ಚಂದ್ರಲೋಕಕ್ಕೆ ಯಾತ್ರೆ ಹೋಗುವ ಒಂದು ಚಿತ್ರ ತೆಗೆದ. ಸುಮಾರು ಕಾಲು ಗಂಟೆಯ ಚಿತ್ರ. ಪಂಡಿತರೆಲ್ಲ ಕೂಡಿ ದೊಡ್ಡ ಫಿರಂಗಿಯೊಂದರಲ್ಲಿ ಗುಂಡಿನಂಥ ವಾಹನವಿಟ್ಟು ಹಾರಿಸುತ್ತಾರೆ. ಅದು ನೇರವಾಗಿ ಹೋಗಿ ಚಂದ್ರನ ಕಣ್ಣಿಗೆ ನಾಟುತ್ತದೆ! ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ನಗಲಿ. ಆದರೆ ಆಮೇಲೆ ನಡೆಯುವುದೇನು? ಚಂದ್ರಲೋಕದ ನಿವಾಸಿಗಳು ಎದುರಿಗೆ ಬಂದಾಗ ಈ ಪಂಡಿತರು ಮಾತುಕತೆ ಆಡುವುದಿಲ್ಲ. ಕೈಯಲ್ಲಿದ್ದ ಛತ್ರಿಯಿಂದ ಒಂದೇಟು ಹಾಕುತ್ತಾರೆ. ಆ ಪ್ರಾಣಿ ಹೊಗೆಯಾಗಿ ಹೋಗುತ್ತದೆ. ಇನ್ನೊಬ್ಬರ ನೆಲಕ್ಕೆ ಹೇಳದೆ ಕೇಳದೆ ಹೋಗಿ ಅವರನ್ನೇ ಬಡಿಯುವುದು ನ್ಯಾಯವೆ ಎಂದು ಹತ್ತು ವರ್ಷದ ಮಗು ಕೇಳಿತೆಂದರೆ, ಆ ಕಾಲು ಗಂಟೆ ಸಾರ್ಥಕವಾಯಿತು.

೧೯೨೯ರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗ್ ಚಂದ್ರಯಾನವನ್ನೇ ಕುರಿತ ಇನ್ನೊಂದು ಮೂಕಚಿತ್ರ ತೆಗೆದ. ಅದಕ್ಕೆ ಸಲಹೆಗಾರನಾಗಿದ್ದವನು ರಾಕೆಟ್ ವಿಜ್ಞಾನದ ಮೂಲಪುರುಷರಲ್ಲಿ ಒಬ್ಬನಾದ ಹರ್ಮನ್ ಓಬರ್ತ್. ಹಂತಹಂತವಾಗಿ ಕಳಚಿಕೊಳ್ಳುವ ರಾಕೆಟ್ಟನ್ನು ಅದರಲ್ಲಿ ಕಾಣಬಹುದು. ಅಷ್ಟೇ ಅಲ್ಲ, ರಾಕೆಟ್ಟು ಏಳುವ ಮುನ್ನ ಅಂಕಿಗಳನ್ನು ಹಿಂದುಹಿಂದಕ್ಕೆ ಎಣಿಸುವ ಪದ್ಧತಿ ಹೆಸರಾದದ್ದು ಈ ಚಿತ್ರದಿಂದ. ನೋಡುವವರ ಎದೆ ಡವಗುಟ್ಟಲೆಂದು ಲಾಂಗ್ ಮಾಡಿದ ಉಪಾಯ ಅದು. ೨೦೨೩ರ ಜುಲೈ ೧೪ರಂದು ಚಂದ್ರಯಾನ-೩ ಮೇಲೇಳುವ ಮುನ್ನ ನಾವೆಲ್ಲ ಉಸಿರು ಬಿಗಿಹಿಡಿದು ಕೇಳಿದ ಎಣಿಕೆಗೆ ಸಿನಿಮಾ ಮಂದಿರವೂ ಒಂದು ತವರುಮನೆ. ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಆ ಚಿತ್ರ ಬಂದು ಹದಿನೈದು ವರ್ಷ ತುಂಬುವುದರೊಳಗೆ, ೧೯೪೪ರಲ್ಲಿ, ಅದೇ ಜರ್ಮನಿಯ ರಾಕೆಟ್ಟುಗಳು ಲಂಡನ್ ನಗರದ ಮನೆಗಳ ಮೇಲೆ ಬಿದ್ದವು. ಕನಸು ಅದೇ, ವಿದ್ಯೆ ಅದೇ. ಹಿಡಿದ ಕೈ ಬೇರೆಯಾಯಿತು. ರಾಕೆಟ್ಟಿನ ಲೆಕ್ಕವನ್ನು ಕಲಿಸುವ ಪಾಠದಲ್ಲಿ ಈ ಮಾತು ಬರುವುದಿಲ್ಲ.

ಇನ್ನು ಜಪಾನಿನ ‘ಗೊಜಿರಾ’. ‘ಗಾಡ್‌ಜಿಲ್ಲಾ’ ಎಂದರೆ ಇಂದಿನ ಮಕ್ಕಳಿಗೆ ಥಟ್ಟನೆ ಗೊತ್ತು. ಕಟ್ಟಡಗಳನ್ನು ಕೆಡವಿ ಇನ್ನೊಂದು ಮೃಗದೊಡನೆ ಕಾದಾಡುವ ದೈತ್ಯ. ಆದರೆ ಮೊದಲ ಚಿತ್ರವನ್ನು ನೋಡಿದವರು ಎಷ್ಟು ಮಂದಿ? ೧೯೫೪ರ ಮಾರ್ಚ್ ೧ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಜಲಜನಕ ಬಾಂಬನ್ನು ಸಿಡಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನೀ ದೋಣಿಯೊಂದರ ಮೇಲೆ ಬೂದಿ ಸುರಿಯಿತು. ಅದರಲ್ಲಿದ್ದ ೨೩ ಮಂದಿಯೂ ಕಾಯಿಲೆ ಬಿದ್ದರು. ಸೆಪ್ಟೆಂಬರಿನಲ್ಲಿ ದೋಣಿಯ ರೇಡಿಯೋ ನೋಡಿಕೊಳ್ಳುತ್ತಿದ್ದವನು ತೀರಿಕೊಂಡ. ‘ಗೊಜಿರಾ’ ತೆರೆಕಂಡದ್ದು ಅದೇ ವರ್ಷದ ನವೆಂಬರಿನಲ್ಲಿ. ಚಿತ್ರ ಆರಂಭವಾಗುವುದೇ ಸಮುದ್ರದ ಮೇಲಿನ ದೋಣಿಯೊಂದಕ್ಕೆ ಬೆಳಕು ಬಡಿಯುವುದರಿಂದ. ಹಿರೋಷಿಮಾ ನಾಗಸಾಕಿಗಳ ಗಾಯ ಮಾಯದ ಒಂಬತ್ತನೆಯ ವರ್ಷ ಅದು; ನೋಡಿದ ಜನಕ್ಕೆ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಕಥೆಯಲ್ಲಿ ಮೃಗವನ್ನು ಕೊಲ್ಲಬಲ್ಲ ಸಾಧನವನ್ನು ಕಂಡುಹಿಡಿದವನು ಒಬ್ಬ ತರುಣ ವಿಜ್ಞಾನಿ. ಇದು ಇನ್ನೊಬ್ಬರ ಕೈಗೆ ಹೋದರೆ ಲೋಕಕ್ಕೆ ಉಳಿಗಾಲವಿಲ್ಲವೆಂದು ಅವನಿಗೆ ಗೊತ್ತು. ತನ್ನ ಕಾಗದಪತ್ರಗಳನ್ನೆಲ್ಲ ಸುಟ್ಟು, ಒಂದೇ ಬಾರಿ ಆ ಸಾಧನವನ್ನು ಬಳಸಿ, ತಾನೂ ಸಮುದ್ರದ ತಳದಲ್ಲಿ ಉಳಿದುಬಿಡುತ್ತಾನೆ. ಕಂಡುಹಿಡಿದದ್ದನ್ನೆಲ್ಲ ಲೋಕಕ್ಕೆ ಕೊಡಲೇಬೇಕೆ? ವಿಜ್ಞಾನ ಕಲಿಯುವ ಹದಿನಾರು ವರ್ಷದವರ ಮುಂದೆ ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಇಡುವುದು ಕಷ್ಟ. ೧೯೫೬ರಲ್ಲಿ ಅಮೆರಿಕದವರು ಈ ಚಿತ್ರದ ಎಷ್ಟೋ ಭಾಗ ಕತ್ತರಿಸಿ, ತಮ್ಮ ಕಡೆಯ ಪತ್ರಕರ್ತನೊಬ್ಬನನ್ನು ಸೇರಿಸಿ, ಹೊರಗೆ ಬಿಟ್ಟರು. ನೋವು ಹೋಗಿ ಮೃಗ ಉಳಿಯಿತು. ಮೂಲವನ್ನೇ ನೋಡಬೇಕು ಎನ್ನುವುದು ಇದಕ್ಕಾಗಿ.

ಫ್ರಿಟ್ಸ್ ಲಾಂಗನದೇ ಆದ ‘ಮೆಟ್ರೊಪೊಲಿಸ್’ ೧೯೨೭ರದು. ಮೇಲೆ ಉದ್ಯಾನ, ಗಗನಚುಂಬಿ ಸೌಧ, ವಿಲಾಸ. ನೆಲದ ಕೆಳಗೆ ಯಂತ್ರಗಳು, ಅವುಗಳಿಗೆ ಜೋತುಬಿದ್ದ ಕೂಲಿಗಳು. ಗಡಿಯಾರದಂಥ ಯಂತ್ರದ ಮುಳ್ಳುಗಳನ್ನು ಎರಡು ಕೈಯಲ್ಲೂ ಹಿಡಿದು ಜಗ್ಗುತ್ತಾ ಸೋತುಹೋಗುವ ಮನುಷ್ಯನನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಈ ಚಿತ್ರವನ್ನು ಕಂಡು ಹೊರಬಂದ ಹುಡುಗ ದೊಡ್ಡನೆಕ್ಕುಂದಿಯ ರಸ್ತೆಯಲ್ಲಿ ನಡೆದರೆ ಏನು ಕಾಣುತ್ತಾನೆ? ಇಪ್ಪತ್ತು ಅಂತಸ್ತಿನ ಮನೆಗಳನ್ನೂ ಕಾಣುತ್ತಾನೆ. ಅವನ್ನು ಕಟ್ಟುವವರು ಮಲಗುವ ತಗಡಿನ ಶೆಡ್ಡುಗಳನ್ನೂ ಕಾಣುತ್ತಾನೆ. ಮೊದಲೂ ಅವು ಅಲ್ಲಿಯೇ ಇದ್ದವು. ಆದರೆ ಈಗ ಎರಡನ್ನೂ ಒಟ್ಟಿಗೆ ಕಾಣುತ್ತಾನೆ. ಚಿತ್ರದ ಮುಕ್ತಾಯ ಮಾತ್ರ ತೀರ ಸುಲಭದ್ದು. ತಲೆಗೂ ಕೈಗೂ ನಡುವೆ ಹೃದಯ ಮಧ್ಯಸ್ಥಿಕೆ ವಹಿಸಿದರೆ ಎಲ್ಲ ಸರಿಹೋಗುತ್ತದೆಂದು ಅದು ಹೇಳುತ್ತದೆ. ಮುಂದೆ ಲಾಂಗನಿಗೇ ಅದು ಒಪ್ಪಿಗೆಯಾಗಲಿಲ್ಲ. ಕಥೆ ಬರೆದಾಕೆ ಥೇಯಾ ಫಾನ್ ಹಾರ್ಬೌ. ಮುಂದೆ ಅವರು ನಾಜಿಗಳ ಪಕ್ಷ ಸೇರಿದರು. ಲಾಂಗ್ ದೇಶ ಬಿಟ್ಟು ಹೋದ. ಅದೇ ಮಹಿಳೆ ಮದುವೆಯಾದದ್ದು ಬರ್ಲಿನ್ನಿನಲ್ಲಿದ್ದ ಪತ್ರಕರ್ತ ಆಯಿ ತೆಂಡೂಲ್ಕರರನ್ನು. ಅವರು ಸ್ವದೇಶಕ್ಕೆ ಮರಳಿ ನಮ್ಮ ಬೆಳಗಾವಿಯಲ್ಲಿ ಪತ್ರಿಕೆ ನಡೆಸಿದವರು. ಒಂದು ಚಿತ್ರದ ಹಿಂದೆ ಎಷ್ಟು ತೊಡಕಾದ ಮನುಷ್ಯರಿರುತ್ತಾರೆ! ಒಳ್ಳೆಯ ಕೃತಿಯನ್ನು ಮೆಚ್ಚುತ್ತಲೇ ಅದರ ಮಾತನ್ನು ಪ್ರಶ್ನಿಸುವುದನ್ನೂ ಕಿರಿಯರು ಇಲ್ಲಿ ಕಲಿಯಬಹುದು. ಈ ಚಿತ್ರದ ಬಹಳಷ್ಟು ಭಾಗ ಕಳೆದೇ ಹೋಗಿತ್ತು; ೨೦೦೮ರಲ್ಲಿ ಅರ್ಜೆಂಟೀನಾದ ಬ್ಯುನೊಸ್ ಐರಿಸ್ ನಗರದಲ್ಲಿ ಹೆಚ್ಚುಕಡಮೆ ಪೂರ್ತಿಯಾದ ಪ್ರತಿ ದೊರೆಯಿತು.

ಕೊನೆಯದಾಗಿ ೧೯೬೮ರ ‘೨೦೦೧’ ಎಂಬ ಚಿತ್ರ. ಸ್ಟ್ಯಾನ್ಲಿ ಕುಬ್ರಿಕ್ ಇದರ ನಿರ್ದೇಶಕ. ಕಥೆಯಲ್ಲಿ ಜೊತೆಗಾರ ಆರ್ಥರ್ ಕ್ಲಾರ್ಕ್. ಇದರಲ್ಲಿ ನೌಕೆಯನ್ನು ನಡೆಸುವ ಕಂಪ್ಯೂಟರಿನ ಹೆಸರು ‘ಹ್ಯಾಲ್’. ಇಂಗ್ಲಿಷಿನಲ್ಲಿ ಬರೆದರೆ ನಮ್ಮ ವಿಮಾನ ಕಾರ್ಖಾನೆಯ ಹೆಸರಿನ ಅಕ್ಷರಗಳೇ. ಆದ್ದರಿಂದ ಈ ಭಾಗದ ಹುಡುಗರಿಗೆ ನಗುವಿನ ಒಂದು ಸಂದರ್ಭ. ಆದರೆ ನಗು ಬೇಗ ನಿಲ್ಲುತ್ತದೆ. ಹ್ಯಾಲ್ ಕೂಗುವುದಿಲ್ಲ, ಕೋಪಿಸಿಕೊಳ್ಳುವುದಿಲ್ಲ. ಹೊರಗೆ ಹೋದ ಮನುಷ್ಯ ಬಾಗಿಲು ತೆಗೆಯೆಂದು ಕೇಳಿದಾಗ ಬಹು ವಿನಯದಿಂದ, ಆಗುವುದಿಲ್ಲ ಎನ್ನುತ್ತದೆ. ಮನುಷ್ಯ ತನ್ನ ಪ್ರಾಣವನ್ನು ಯಂತ್ರಕ್ಕೆ ಒಪ್ಪಿಸಿಕೊಟ್ಟ ಮೇಲೆ, ಕೊನೆಯ ಮಾತು ಯಾರದು? ಕೃತಕ ಬುದ್ಧಿಯನ್ನು ಕಟ್ಟುವ ಕೆಲಸ ಇಂದು ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ನಡೆದಿದೆ. ಸಾಲ ಕೊಡಬೇಕೆ ಬೇಡವೆ, ಕೆಲಸಕ್ಕೆ ಯಾರನ್ನು ಕರೆಯಬೇಕು ಎಂಬ ತೀರ್ಮಾನಗಳಲ್ಲಿ ಯಂತ್ರಗಳು ಕೈಯಾಡಿಸುತ್ತಿವೆ. ಮುಂದೆ ಆ ಕೆಲಸಕ್ಕೆ ಸೇರುವವರು ಆ ಮುಚ್ಚಿದ ಬಾಗಿಲನ್ನು ಒಮ್ಮೆ ಕಂಡಿರಲಿ.

ಕ್ಲಾರ್ಕ್ ನಮಗೆ ದೂರದವನಲ್ಲ. ೧೯೫೬ರಿಂದ ಸಿಂಹಳದಲ್ಲಿ ನೆಲೆಸಿದ್ದವನು. ಭೂಮಿಯೊಡನೆ ಸಮವಾಗಿ ಸುತ್ತುವ ಉಪಗ್ರಹಗಳಿಂದ ಲೋಕಕ್ಕೆಲ್ಲ ಪ್ರಸಾರ ಮಾಡಬಹುದೆಂದು ೧೯೪೫ರಲ್ಲಿಯೇ ಬರೆದವನು. ೧೯೭೫-೭೬ರಲ್ಲಿ ಇಸ್ರೋ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ಒಯ್ದಾಗ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ೧೯೮೧ರಲ್ಲಿ ಹಾರಿದ ‘ಆ್ಯಪಲ್’ ಉಪಗ್ರಹವನ್ನು ಒಂದು ಪರೀಕ್ಷೆಗಾಗಿ ಎತ್ತಿನ ಗಾಡಿಯ ಮೇಲೆ ಇಟ್ಟಿದ್ದರು. ಕಬ್ಬಿಣದ ವಾಹನದಿಂದ ಪರೀಕ್ಷೆ ಕೆಡಬಾರದೆಂದು. ಯಾವ ನಿರ್ದೇಶಕನಿಗೂ ಹೊಳೆಯದಿದ್ದ ದೃಶ್ಯ!

ಇಷ್ಟಾದರೂ ಆಕ್ಷೇಪಗಳಿವೆ, ಅವು ಹುರುಳಿಲ್ಲದವಲ್ಲ. ಈ ಚಿತ್ರಗಳ ನಡಿಗೆ ನಿಧಾನ ಎಂಬುದು ಒಂದು. ನಿಜ, ಆದರೆ ಯೋಚಿಸಲು ಬಿಡುವು ಸಿಗುವುದೂ ಆ ನಿಧಾನದಲ್ಲಿಯೇ. ಹೆಂಗಸರಿಗೆ ಇವುಗಳಲ್ಲಿ ಬಹುಮಟ್ಟಿಗೆ ಚೀರುವ ಕೆಲಸ ಎಂಬುದು ಇನ್ನೊಂದು. ಅದೂ ನಿಜ, ಚಂದ್ರಯಾನದ ಕೆಲಸದಲ್ಲಿ ಎಷ್ಟೊಂದು ಮಹಿಳೆಯರು ಮುಂದಾಳುಗಳಾಗಿದ್ದಾರೆಂದು ಬಲ್ಲ ನಮ್ಮ ಹುಡುಗಿಯರು ಅದನ್ನು ಎತ್ತಿ ಆಡಲಿ. ಮೂರನೆಯದು, ಇವೆಲ್ಲ ಪರದೇಶದವು, ನಮ್ಮದೇನಿದೆ ಎಂಬುದು. ಇದೇ ಬಲವಾದ ಆಕ್ಷೇಪ. ಬಂಗಾಳದ ಹಳ್ಳಿಯ ಕೊಳಕ್ಕೆ ಅನ್ಯಲೋಕದ ನೌಕೆ ಬಂದಿಳಿಯುವ ಕಥೆಯನ್ನು ಸತ್ಯಜಿತ್ ರಾಯ್ ೧೯೬೭ರಲ್ಲಿ ಚಿತ್ರಕ್ಕಾಗಿ ಬರೆದರು. ಊರಿನವರು ಅದನ್ನು ದೇವಸ್ಥಾನವೆಂದು ತಿಳಿಯುತ್ತಾರೆ. ಆ ಚಿತ್ರ ಆಗಲೇ ಇಲ್ಲ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಗಳನ್ನು ಬರೆದರು. ತೆರೆಯ ಮೇಲೆ ಯಂತ್ರಮಾನವನ ‘ಹಾಲಿವುಡ್’ ೨೦೦೨ರಲ್ಲಿಯೂ, ಕಾಲಯಾನದ ‘ಬ್ಲಿಂಕ್’ ೨೦೨೪ರಲ್ಲಿಯೂ ಬಂದವು. ಬೆಳೆ ಕಡಮೆ, ಒಪ್ಪೋಣ. ಆದರೆ ಬೀಜ ನೋಡದವನು ಬಿತ್ತುವುದಾದರೂ ಹೇಗೆ? ದೊಡ್ಡನೆಕ್ಕುಂದಿಯ ಕೆರೆಗೆ ಒಂದು ನೌಕೆ ಇಳಿದರೆ ಮೊದಲು ಓಡಿಬರುವವರು ಯಾರು, ಅಂಜುವವರು ಯಾರು, ಜಾಗದ ಬೆಲೆ ಕಟ್ಟುವವರು ಯಾರು ಎಂದು ಯೋಚಿಸಬಲ್ಲ ಹುಡುಗಿಯೊಬ್ಬಳು ಇಲ್ಲಿಯೇ ಇರಬಹುದು. ಅವಳಿಗೆ ಮಾದರಿ ಬೇಡವೆ?

ಹಾಗಾದರೆ ತೋರಿಸುವುದೆಲ್ಲಿ? ದಂಡಿನ ಕಡೆಯ ಹಿರಿಯರು ಇಂಗ್ಲಿಷ್ ಚಿತ್ರಗಳನ್ನು ನೋಡುತ್ತಿದ್ದ ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ, ಹಲಸೂರಿನ ಲಿಡೋ, ಬ್ರಿಗೇಡ್ ರಸ್ತೆಯ ರೆಕ್ಸ್ ಇಂದು ಇಲ್ಲ. ಆದರೆ ಶಾಲೆಯ ಒಂದು ಕೋಣೆ, ಬಡಾವಣೆಯ ಸಂಘದ ಒಂದು ಹಜಾರ, ಒಂದು ಬಿಳಿಯ ಗೋಡೆ ಸಾಕು. ನನ್ನ ಸಲಹೆ ಇಷ್ಟು. ಮೂಕಚಿತ್ರಗಳಿಂದ ಆರಂಭಿಸಿ. ಅವುಗಳಿಗೆ ಭಾಷೆಯ ತೊಡಕಿಲ್ಲ. ನಡುನಡುವೆ ಬರುವ ಬರಹವನ್ನು ಯಾರಾದರೂ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದರಾಯಿತು. ಹಿಂದೆ ನಮ್ಮ ಟೆಂಟುಗಳಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುತ್ತಿದ್ದವರು ಮಾಡಿದ್ದೂ ಅದನ್ನೇ. ಚಿಕ್ಕವರಿಗೆ ಮೆಲಿಯೆಸ್, ಹೈಸ್ಕೂಲಿನವರಿಗೆ ‘ಗೊಜಿರಾ’, ಕಾಲೇಜಿನವರಿಗೆ ‘ಮೆಟ್ರೊಪೊಲಿಸ್’ ಮತ್ತು ‘೨೦೦೧’. ತಿಂಗಳಿಗೆ ಒಂದಕ್ಕಿಂತ ಹೆಚ್ಚು ಬೇಡ. ಪರೀಕ್ಷೆ, ಪ್ರಬಂಧ, ಬಹುಮಾನ ಯಾವುದೂ ಬೇಡ. ಮುಗಿದ ಮೇಲೆ ಅರ್ಧ ಗಂಟೆ ಮಾತು. ಆ ಮಾತಿನಲ್ಲಿ ದೊಡ್ಡವರು ಕಡಮೆ ಮಾತನಾಡಬೇಕು. ಇಸ್ರೋದಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದು ನಿವೃತ್ತರಾದವರು ನೆರೆಯಲ್ಲಿದ್ದರೆ ಕರೆದು ಕೂರಿಸಿಕೊಳ್ಳಿ. ಚಿತ್ರದಲ್ಲಿ ತಪ್ಪಾದ ವಿಜ್ಞಾನ ಯಾವುದು ಎಂದು ಅವರು ಹೇಳಲಿ. ಸರಿಯಾದ ಪ್ರಶ್ನೆ ಯಾವುದು ಎಂದು ಮಕ್ಕಳು ಹೇಳಲಿ.

ಎಲ್ಲರೂ ನೋಡಲೇಬೇಕೆಂದು ಕಟ್ಟಳೆ ಮಾಡುವ ವಿಷಯ ಇದಲ್ಲ. ಹಿಡಿಸದವರು ಎದ್ದು ಹೋಗಲಿ. ಆದರೆ ನೋಡುವ ಅವಕಾಶವೇ ಇಲ್ಲದೆ ಬೆಳೆದವರು ಯಂತ್ರದ ಮುಂದೆ ಒಂದೇ ಪ್ರಶ್ನೆ ಕೇಳಲು ಕಲಿಯುತ್ತಾರೆ: ಇದನ್ನು ಮಾಡುವುದು ಹೇಗೆ? ಮಾಡಬೇಕೆ, ಯಾರಿಗಾಗಿ, ಆಮೇಲೆ ಏನು ಎಂಬ ಬೇರೆ ಮೂರು ಪ್ರಶ್ನೆಗಳನ್ನು ಆ ರಟ್ಟಿನ ರಾಕೆಟ್ಟುಗಳು ನೂರು ವರ್ಷಗಳಿಂದ ಹೊತ್ತುಕೊಂಡು ಬಂದಿವೆ. ಅವನ್ನು ಇಳಿಸಿಕೊಳ್ಳುವ ಕೆಲಸ ನಮ್ಮದು.