ಕಾರಿನ ತೂಕ, ಮಗಳ ತೂಕ

(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



"ತೂಕ ಇಳಿಸುವುದು ಹೇಗೆ?" ಅಂತ ನನ್ನ ಮಾತಿನ ವಿಷಯವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿದಾಗ, ಎಂದೂ ಬರದವರೂ ಬರುತ್ತೇವೆ ಅಂದರಂತೆ. ಎಲ್ಲರೂ ಕ್ಷಮಿಸಬೇಕು. ನಾನು ಡಯೆಟಿಶಿಯನ್ ಅಲ್ಲ, ಯೋಗ ಶಿಕ್ಷಕಿಯೂ ಅಲ್ಲ. ನಾನು ಹೇಳಹೊರಟಿರುವುದು ರೇಸಿಂಗ್ ಕಾರಿನ ತೂಕ ಇಳಿಸುವ ವಿಚಾರ. ಎದ್ದು ಹೋಗಬೇಡಿ. ಕೊನೆಗೆ ನಮ್ಮ ವಿಚಾರಕ್ಕೇ ಬರುತ್ತೇನೆ.

ನಮ್ಮ ಮನೆ ಇರುವುದು ಓಲ್ಡ್ ರಾಜಿಂದರ್ ನಗರದಲ್ಲಿ, ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ದೇಶ ವಿಭಜನೆಯಾದಾಗ ಬಂದ ನಿರಾಶ್ರಿತರು ನೆಲೆನಿಂತ ಬಡಾವಣೆ ಅದು. ಈಗ ಯುಪಿಎಸ್‌ಸಿ ಓದುವ ಮಕ್ಕಳ ಊರಾಗಿದೆ. ಕೆಳಗಿಳಿದರೆ ಜೆರಾಕ್ಸ್ ಅಂಗಡಿ, ಚಹಾ ಗಾಡಿ, ಬೆನ್ನಿಗೆ ಬ್ಯಾಗು ಹಾಕಿಕೊಂಡ ಹುಡುಗ ಹುಡುಗಿಯರು. ಅವರೆಲ್ಲ ಪುಸ್ತಕ ಹಿಡಿದು ಓಡಾಡುವ ಗಲ್ಲಿಯಲ್ಲಿ ನನ್ನ ಮಗಳು ಕೈಗೆ ಗ್ರೀಸು ಮೆತ್ತಿಕೊಂಡು ಓಡಾಡುತ್ತಾಳೆ. ಅವಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿನಿ.

ಈ ಹುಚ್ಚು ಅವಳಿಗೆ ಹಿಡಿದದ್ದು 2011ರಲ್ಲಿ. ಆ ವರ್ಷ ಅಕ್ಟೋಬರ್ 30ರಂದು ಗ್ರೇಟರ್ ನೋಯ್ಡಾದ ಬುದ್ಧ ಸರ್ಕೀಟ್‌ನಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ರೇಸ್ ನಡೆಯಿತು, ನೆನಪಿರಬಹುದು. ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದರು. ಆರು ವರ್ಷದ ಮಗಳು ಅಪ್ಪನ ತೊಡೆಯ ಮೇಲೆ ಕೂತು ಟಿವಿಯಲ್ಲಿ ನೋಡಿದಳು. ಆಗ ಇವರು ಒಂದು ಮಾತು ಹೇಳಿದರು: "ನೋಡು ಪುಟ್ಟಿ, ಆ ಕಾರು ಡ್ರೈವರೂ ಸೇರಿ ಕನಿಷ್ಠ 640 ಕೆ.ಜಿ. ಇರಬೇಕು. ನಮ್ಮ ಹಳೇ ಮಾರುತಿ 800 ಕೂಡ ಹೆಚ್ಚುಕಡಿಮೆ ಅಷ್ಟೇ ತೂಕ." ಮಾರುತಿಯ ತೂಕದ ಕಾರು ಮಿಂಚಿನ ಹಾಗೆ ಹೋಗುತ್ತದೆ ಅನ್ನುವುದು ಅವಳ ತಲೆಯಲ್ಲಿ ಕೂತುಬಿಟ್ಟಿತು.

ಕಾಲೇಜು ಸೇರಿದ ಮೇಲೆ ರೇಸಿಂಗ್ ತಂಡ ಸೇರಿದಳು. ಇಂಜಿನಿಯರಿಂಗ್ ಮಕ್ಕಳು ಒಬ್ಬರೇ ಕೂರುವ ರೇಸ್ ಕಾರನ್ನು ತಾವೇ ವಿನ್ಯಾಸ ಮಾಡಿ, ತಾವೇ ಕಟ್ಟಿ, ತಾವೇ ಓಡಿಸುವ ಸ್ಪರ್ಧೆಗಳು ನಮ್ಮ ದೇಶದಲ್ಲಿವೆ. ಸುಪ್ರಾ ಎಸ್‌ಎಇ ಇಂಡಿಯಾ ಅಂತ ಒಂದು, ಅದು ಬುದ್ಧ ಸರ್ಕೀಟ್‌ನಲ್ಲೇ ಹಲವು ಸಲ ನಡೆದಿದೆ. ಫಾರ್ಮುಲಾ ಭಾರತ್ ಅಂತ ಇನ್ನೊಂದು, ಅದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತದೆ. ನಮ್ಮ ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಲ್ಲೇ ಶುರುವಾದದ್ದು ಅಂತ ಮಗಳು ಹೆಮ್ಮೆಯಿಂದ ಹೇಳುತ್ತಾಳೆ, ತಾನು ಬೇರೆ ತಂಡದವಳಾದರೂ.

ಈ ಸ್ಪರ್ಧೆಯಲ್ಲಿ ಪೆಟ್ರೋಲ್ ಇಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದು ಕಿಂಡಿಯಲ್ಲೇ ಹಾದು ಹೋಗಬೇಕು ಅಂತ ನಿಯಮ. ಅಂದರೆ ಶಕ್ತಿಗೆ ಕಡಿವಾಣ ಬಿತ್ತು. ವೇಗ ಬೇಕಾದರೆ ಉಳಿದ ದೊಡ್ಡ ದಾರಿ ತೂಕ ಇಳಿಸುವುದು. ನಮ್ಮ ಗಲ್ಲಿಯ ತರಕಾರಿ ಗಾಡಿ ನೋಡಿ. ಬೆಳಿಗ್ಗೆ ತುಂಬಿದ ಗಾಡಿಯನ್ನು ತಳ್ಳುವುದಕ್ಕೂ ಕಷ್ಟ, ನಿಲ್ಲಿಸುವುದಕ್ಕೂ ಕಷ್ಟ, ತಿರುವಿನಲ್ಲಿ ತಿರುಗಿಸುವುದಕ್ಕೂ ಕಷ್ಟ. ಸಂಜೆ ಖಾಲಿಯಾದ ಮೇಲೆ ಅದೇ ಮನುಷ್ಯ ಒಂದೇ ಕೈಯಲ್ಲಿ ತಳ್ಳಿಕೊಂಡು ಹೋಗುತ್ತಾನೆ. ರೇಸ್ ಕಾರಿಗೂ ಅಷ್ಟೇ. ಫಾರ್ಮುಲಾ ಒನ್‌ನಲ್ಲಿ 10 ಕೆ.ಜಿ. ಹೆಚ್ಚಾದರೆ ಒಂದು ಸುತ್ತಿಗೆ ಸುಮಾರು 0.3 ಸೆಕೆಂಡು ನಷ್ಟ ಅಂತ ಲೆಕ್ಕ ಹಾಕುತ್ತಾರೆ. ಅಲ್ಲಿ ಅದು ಗೆಲುವು ಸೋಲಿನ ಅಂತರ.

ಹೀಗೆ ಶುರುವಾಯಿತು ನಮ್ಮ ಮನೆಯಲ್ಲಿ ತೂಕದ ಪುರಾಣ. ಬೆಲ್ಲ, ಹುಣಸೆಹಣ್ಣು ತೂಗುವ ನನ್ನ ಅಡುಗೆಮನೆಯ ತಕ್ಕಡಿ ಮಾಯವಾಯಿತು. ನೋಡಿದರೆ ಅವಳ ಕೋಣೆಯಲ್ಲಿ ಬೋಲ್ಟು ನಟ್ಟು ತೂಗುತ್ತಿದೆ! ಶನಿವಾರ ಬಂದರೆ ಕಾಶ್ಮೀರಿ ಗೇಟಿನ ಬಿಡಿಭಾಗಗಳ ಮಾರುಕಟ್ಟೆ, ಇಲ್ಲವೇ ಪಕ್ಕದ ಕರೋಲ್ ಬಾಗಿನ ನಾಯಿವಾಲಾ ಗಲ್ಲಿ. ಸೀರೆ ಕೊಳ್ಳುವಾಗ ನಾವು ಸೆರಗು ಹಿಡಿದು ನೋಡುವ ಹಾಗೆ ಅವಳು ಒಂದೊಂದು ಸಾಮಾನನ್ನೂ ಅಂಗೈಯಲ್ಲಿ ಹಿಡಿದು ತೂಗುತ್ತಾಳೆ.

ತೂಕ ಇಳಿಸಲು ಮೂರು ದಾರಿ ಅಂತ ನನಗೂ ಪಾಠ ಮಾಡಿದಳು. ಮೊದಲನೆಯದು, ಬೇಡದ್ದನ್ನು ತೆಗೆಯುವುದು. ಲೋಟಸ್ ಕಾರು ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಇದನ್ನೇ ನಂಬಿದವರು. ಎರಡನೆಯದು, ವಸ್ತು ಬದಲಿಸುವುದು. ಒಂದು ಲೀಟರ್ ಹಾಲು ಹಿಡಿಯುವಷ್ಟು ಜಾಗದಲ್ಲಿ ಉಕ್ಕು ಸುಮಾರು 7.8 ಕೆ.ಜಿ. ತೂಗುತ್ತದೆ, ಅಲ್ಯೂಮಿನಿಯಂ 2.7 ಕೆ.ಜಿ., ಕಾರ್ಬನ್ ಫೈಬರ್ ಸುಮಾರು 1.6 ಕೆ.ಜಿ. 1990ರ ದಶಕದಲ್ಲಿ ಗಾರ್ಡನ್ ಮರ್ರೆ ಅವರು ರೂಪಿಸಿದ ಮೆಕ್ಲಾರೆನ್ ಎಫ್1 ಅನ್ನುವ ಸ್ಪೋರ್ಟ್ಸ್ ಕಾರಿನ ಒಡಲು ಪೂರ್ತಿ ಕಾರ್ಬನ್ ಫೈಬರ್. ಆ ಕಾರಿನ ಇಂಜಿನ್ ಕೋಣೆಗೆ ಒಳಗಿನಿಂದ ತೆಳ್ಳನೆಯ ಚಿನ್ನದ ಹಾಳೆ ಹೊದಿಸಿದ್ದಾರೆ, ಒಡವೆಗಲ್ಲ, ಶಾಖವನ್ನು ತಿರುಗಿಸಿ ಕಳಿಸಲು ಚಿನ್ನಕ್ಕಿಂತ ಹಗುರವಾದ ಉಪಾಯ ಸಿಗಲಿಲ್ಲವಂತೆ. "ಅಮ್ಮ, ತೂಕ ಇಳಿಸೋಕೆ ಚಿನ್ನ ಹಾಕಿದೋರೂ ಇದ್ದಾರೆ ನೋಡು" ಅಂತ ನಗುತ್ತಾಳೆ.

ಮೂರನೆಯದು, ಆಕಾರ ಬದಲಿಸುವುದು. ಇದನ್ನು ಅವಳಿಗೆ ಚೆನ್ನಾಗಿ ಹೇಳಿಕೊಟ್ಟವರು ನಮ್ಮ ತಂದೆ. ಅವರು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. 2001ರ ಜನವರಿ 4ರಂದು ತೇಜಸ್ ವಿಮಾನ ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ದಿನ ಮನೆಯಲ್ಲಿ ಪಾಯಸ ಮಾಡಿಸಿದವರು. ಲಘು ಯುದ್ಧವಿಮಾನ ಅಂತಲೇ ಅದರ ಹೆಸರು. ಅದರ ಒಡಲಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಕಾರ್ಬನ್ ಕಾಂಪೊಸಿಟ್. ಭಾನುವಾರ ಫೋನ್ ಮಾಡಿದರೆ ತಾತ ಮೊಮ್ಮಗಳದ್ದು ಅದೇ ಮಾತು. ವಿಮಾನದ ರೆಕ್ಕೆಯೊಳಗೆ ಪಕ್ಕೆಲುಬಿನಂಥ ತಗಡುಗಳಿರುತ್ತವಂತೆ. ಅವುಗಳಲ್ಲಿ ದುಂಡನೆಯ ತೂತು ಕೊರೆದು, ಅಂಚನ್ನು ಮಡಚುತ್ತಾರೆ. ತೂಕವೂ ಇಳಿಯುತ್ತದೆ, ಮಡಚಿದ ಅಂಚಿನಿಂದ ಗಟ್ಟಿತನವೂ ಬರುತ್ತದೆ. "ಎಲ್ಲಿ ತೂತು ಹಾಕಬೇಕು ಅಂತ ಎಲ್ಲರಿಗೂ ಗೊತ್ತಾಗುತ್ತೆ ಮಗಾ. ಎಲ್ಲಿ ಹಾಕಬಾರದು ಅಂತ ಕಲಿಯೋಕೆ ಟೈಮ್ ಹಿಡಿಯುತ್ತೆ" ಅಂದಿದ್ದರು ನಮ್ಮ ತಂದೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಕಾರು 248 ಕೆ.ಜಿ.ಯಿಂದ 231ಕ್ಕೆ ಇಳಿದಿತ್ತು. ಓಡಿಸುವ ಇಬ್ಬರಲ್ಲಿ ಮಗಳೂ ಒಬ್ಬಳು ಅಂತ ತಂಡ ತೀರ್ಮಾನಿಸಿತು. ಮನೆಯಲ್ಲಿ ಹಬ್ಬದ ಸಂಭ್ರಮ. ಆಮೇಲೆ ಒಂದೆರಡು ತಿಂಗಳಲ್ಲಿ ಅವಳು ತೆಳ್ಳಗಾಗತೊಡಗಿದಳು. ಓಡಾಟ ಜಾಸ್ತಿ, ಅದಕ್ಕೆ ಅಂದುಕೊಂಡೆ. ರಾತ್ರಿ ಊಟಕ್ಕೆ ಕರೆದರೆ "ಕ್ಯಾಂಟೀನಲ್ಲಿ ತಿಂದೆ" ಅನ್ನುತ್ತಿದ್ದಳು. ನಂಬಿದೆ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಸೀರೆ ಉಟ್ಟು ಬಂದಿದ್ದಳಲ್ಲ, ಆಗ ನಮ್ಮಲ್ಲೇ ನಾಲ್ಕು ಜನ "ಎಷ್ಟು ಚೆನ್ನಾಗಿ ಸಣ್ಣ ಆಗಿದ್ದೀಯೇ, ಏನು ಮಾಡಿದೆ?" ಅಂತ ಕೇಳಿದರು. ಯಾರನ್ನೂ ದೂರುತ್ತಿಲ್ಲ. ಪಕ್ಕದಲ್ಲಿ ನಿಂತು ಬೀಗಿದವಳು ನಾನೇ. "ನನಗೂ ಹೇಳಿಕೊಡು ಅಂತಿದ್ದೀನಿ" ಅಂತ ನಕ್ಕವಳೂ ನಾನೇ.

ಡಿಸೆಂಬರಿನಲ್ಲಿ ಒಂದು ಸಂಜೆ ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಕುಸಿದು ಕೂತುಬಿಟ್ಟಳು. ಕೆಳಗಿನ ಕೋಣೆಯಲ್ಲಿ ಓದುವ ಧಾರವಾಡದ ಹುಡುಗಿ ಹಿಡಿದುಕೊಂಡು ಮೇಲೆ ಕರೆತಂದಳು. ಡಾಕ್ಟರ ಹತ್ತಿರ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8ರ ಆಸುಪಾಸು. "ಈ ಹುಡುಗಿ ಊಟ ಮಾಡುತ್ತಾಳಾ?" ಅಂತ ಅವರು ನನ್ನ ಮುಖ ನೋಡಿ ಕೇಳಿದರು. ಉತ್ತರ ಕೊಡಲು ನನ್ನ ಬಾಯಿ ಬರಲಿಲ್ಲ.

ಆ ರಾತ್ರಿ ಅವಳು ಮಲಗಿದ್ದಾಗ ಲ್ಯಾಪ್‌ಟಾಪ್ ಮುಚ್ಚಲು ಹೋದೆ. ತೂಕದ ಪಟ್ಟಿ ತೆರೆದಿತ್ತು. ಚಾಸಿ, ಇಂಜಿನ್, ಚಕ್ರ, ಸೀಟು, ಪೆಡಲು. ಒಂದೊಂದರ ಮುಂದೆ ಈಗಿನ ತೂಕ, ಇಳಿಸಬೇಕಾದ ತೂಕ. ಕೊನೆಯ ಸಾಲು "ಡ್ರೈವರ್". ಈಗಿನ ತೂಕ 49. ಇಳಿಸಬೇಕಾದದ್ದು 44.

ತಂಡದಲ್ಲಿ ಯಾರೋ ತಮಾಷೆಗೆ ಅಂದಿದ್ದರಂತೆ, ಕಾರಿನಲ್ಲಿ ಒಂದು ಕೆ.ಜಿ. ಇಳಿಸಲು ಸಾವಿರಗಟ್ಟಲೆ ಖರ್ಚು, ಡ್ರೈವರ್ ತೂಕ ಇಳಿಸೋದು ಪುಕ್ಕಟೆ ಅಂತ. ತಮಾಷೆ ಮಾಡಿದವರು ಮರೆತರು. ಇವಳು ಸಾಲು ಸೇರಿಸಿದಳು.

ಬೆಳಿಗ್ಗೆ ನಾನು ಕೂಗಾಡಲಿಲ್ಲ. ಕೂಗಾಡಬೇಕು ಅಂತ ರಾತ್ರಿಯಿಡೀ ಅಂದುಕೊಂಡಿದ್ದೆ, ಅದು ಬೇರೆ ಮಾತು. ಗಂಜಿ ಕೊಟ್ಟು, ಪಕ್ಕದಲ್ಲಿ ಕೂತು ಕೇಳಿದೆ: "ಈ ಕಾರಲ್ಲಿ ಎಷ್ಟು ತೂಕ ಇದ್ದರೂ ಮುಟ್ಟಬಾರದು ಅನ್ನೋದು ಏನಾದರೂ ಇದೆಯಾ?"

"ಇದೆ. ಮೇನ್ ಹೂಪ್" ಅಂದಳು. ಡ್ರೈವರ್ ಬೆನ್ನ ಹಿಂದೆ ತಲೆಗಿಂತ ಎತ್ತರಕ್ಕೆ ಬರುವ ಉಕ್ಕಿನ ಕಮಾನು ಅದು. ಕಾರು ಮಗುಚಿ ಬಿದ್ದರೆ ತಲೆ ಕಾಯುವುದು ಅದೇ. ಅದು ಉಕ್ಕಿನದ್ದೇ ಆಗಿರಬೇಕು, ಕೊಳವೆ ಇಷ್ಟೇ ದಪ್ಪ ಇರಬೇಕು, ತೂತು ಕೊರೆಯಬಾರದು. ಬೋಲ್ಟುಗಳಿಗೂ ನಿಯಮವಿದೆ: ನಟ್ಟು ಬಿಗಿದ ಮೇಲೆ ಕನಿಷ್ಠ ಎರಡು ಸುತ್ತು ಹಲ್ಲು ಹೊರಗೆ ಕಾಣಬೇಕು. ಗ್ರಾಂ ಉಳಿಸಲು ಅದನ್ನು ಕತ್ತರಿಸುವ ಹಾಗಿಲ್ಲ.

"ಯಾರನ್ನು ಕಾಯೋದಕ್ಕೆ ಇಷ್ಟೆಲ್ಲ?" ಅಂದೆ.

"ಡ್ರೈವರನ್ನ."

"ಹಾಗಾದರೆ ಡ್ರೈವರ್ ಯಾಕೆ ಆ ಪಟ್ಟಿಯಲ್ಲಿದ್ದಾಳೆ?"

ಅವಳು ಮಾತಾಡಲಿಲ್ಲ. ಗಂಜಿ ಕುಡಿದಳು. ಸ್ವಲ್ಪ ಅತ್ತಳು. ನಾನೂ.

ಆಮೇಲೆ ನಾವಿಬ್ಬರೂ ಕೂತು ಓದಿದೆವು. ಇದು ನನ್ನ ಮಗಳೊಬ್ಬಳ ಕಥೆಯಲ್ಲ ಅಂತ ಗೊತ್ತಾಯಿತು. ಫಾರ್ಮುಲಾ ಒನ್‌ನಲ್ಲಿ ಕಾರು ಮತ್ತು ಡ್ರೈವರ್ ಇಬ್ಬರ ತೂಕವನ್ನೂ ಒಟ್ಟಿಗೆ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ಎತ್ತರದ ಡ್ರೈವರುಗಳು ಅನ್ನ ನೀರು ಬಿಟ್ಟು ಒಣಗುತ್ತಿದ್ದರು. ಫ್ರಾನ್ಸಿನ ಜೀನ್-ಎರಿಕ್ ವೆರ್ನ್ 2014ರಲ್ಲಿ ಹೀಗೇ ನಿತ್ರಾಣಗೊಂಡು ಆಸ್ಪತ್ರೆಗೆ ಹೋಗಬೇಕಾಯಿತು ಅಂತ ತಾವೇ ಹೇಳಿಕೊಂಡಿದ್ದಾರೆ. ಕೊನೆಗೆ 2019ರಲ್ಲಿ ನಿಯಮ ಬದಲಾಯಿತು. ಡ್ರೈವರ್ ಮತ್ತು ಸೀಟಿನ ತೂಕ ಸೇರಿ ಕನಿಷ್ಠ 80 ಕೆ.ಜಿ. ಅಂತ ಗೊತ್ತು ಮಾಡಿದರು. ಕಡಿಮೆ ಇದ್ದರೆ ಅಷ್ಟು ತೂಕದ ಲೋಹವನ್ನು ಸೀಟಿನ ಹತ್ತಿರವೇ ಇಡಬೇಕು. ಉಪವಾಸ ಮಾಡಿ ಲಾಭವಿಲ್ಲ ಅಂತ ನಿಯಮವೇ ಹೇಳಿತು.

ಅದಕ್ಕೂ ಒಂದು ವರ್ಷ ಮೊದಲು, 2018ರಲ್ಲಿ, ಡ್ರೈವರ್ ತಲೆಯ ಸುತ್ತ ಹೇಲೋ ಅನ್ನುವ ಟೈಟಾನಿಯಂ ಕವಚ ಕಡ್ಡಾಯವಾಯಿತು. ಸುಮಾರು 7 ಕೆ.ಜಿ. ತೂಕ. ಗ್ರಾಂ ಗ್ರಾಂ ಉಳಿಸುವವರು ಎಷ್ಟು ಗೊಣಗಿದ್ದಾರು, ನೀವೇ ಊಹಿಸಿ. 2020ರ ನವೆಂಬರಿನಲ್ಲಿ ಬಹ್ರೇನ್‌ನಲ್ಲಿ ರೋಮೇನ್ ಗ್ರೋಜಾನ್ ಅವರ ಕಾರು ಕಬ್ಬಿಣದ ತಡೆಬೇಲಿ ಸೀಳಿಕೊಂಡು ಹೋಗಿ, ಎರಡು ತುಂಡಾಗಿ, ಬೆಂಕಿ ಹತ್ತಿಕೊಂಡಿತು. ಆ 7 ಕೆ.ಜಿ.ಯ ಕವಚ ತಲೆ ಕಾಯ್ದದ್ದರಿಂದ ಅವರು ಬೆಂಕಿಯೊಳಗಿಂದ ತಾವೇ ಹೊರಬಂದರು. ಆ ದೃಶ್ಯವನ್ನು ನಾನು ಮೂರು ಸಲ ನೋಡಿದೆ.

ಮಗಳು ತಾನೇ ಆ ಸಾಲನ್ನು ಅಳಿಸಿದಳು. ತಂಡದವರ ಜೊತೆ ಕೂತು ಮಾತಾಡಿದಳು. ಅವರೂ ಮಕ್ಕಳೇ, ಕೇಳಿ ಪೆಚ್ಚಾದರು. ಹಾಗಾದರೆ ಇಳಿಸಬೇಕಾದ 5 ಕೆ.ಜಿ. ಎಲ್ಲಿಂದ? ಹುಡುಕಿದರು. ಹೊರಮೈಯ ಫೈಬರ್ ಗ್ಲಾಸ್ ಹೊದಿಕೆ ನುಣುಪಾಗಿ ಹೊಳೆಯಲಿ ಅಂತ ಬಣ್ಣದ ಕೆಳಗೆ ಪುಟ್ಟಿ ಬಳಿದಿದ್ದರಂತೆ, ಒಂದರ ಮೇಲೊಂದು. ಅದನ್ನೆಲ್ಲ ಉಜ್ಜಿ ತೆಗೆದಾಗ ಎರಡು ಕೆ.ಜಿ.ಗೂ ಮೇಲೆ ಇಳಿಯಿತು. ಯಾವಾಗಲೋ ಎಳೆದು ಮರೆತಿದ್ದ ವೈರು, ಅಗತ್ಯಕ್ಕಿಂತ ದಪ್ಪನೆಯ ತಗಡು, ಇವುಗಳಿಂದ ಇನ್ನಷ್ಟು. ಐದು ಕೆ.ಜಿ. ಪೂರ್ತಿ ಆಗಲಿಲ್ಲ. ನಾಲ್ಕರ ಹತ್ತಿರ ಬಂತು.

ಅವಳ ಹಿಮೋಗ್ಲೋಬಿನ್ ಸರಿಹೋಗಲು ತಿಂಗಳುಗಳೇ ಬೇಕಾದವು. ಆ ವರ್ಷ ಜನವರಿಯ ಸ್ಪರ್ಧೆಯಲ್ಲಿ ಓಡಿಸಲು ಡಾಕ್ಟರು ಬಿಡಲಿಲ್ಲ. ಬೇರೆಯವರು ಓಡಿಸಿದರು. ಇವಳು ಪಕ್ಕದಲ್ಲಿ ನಿಂತು ನೋಡಿದಳು. ಆ ದುಃಖ ಸಣ್ಣದಲ್ಲ, ಅದನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಮರುವರ್ಷ ಓಡಿಸಿದಳು. ಕೊಯಮತ್ತೂರಿಗೆ ನಾವೂ ಹೋಗಿದ್ದೆವು. 22 ಕಿಲೋಮೀಟರಿನ ದೀರ್ಘ ಓಟ, ಮಧ್ಯದಲ್ಲಿ ಡ್ರೈವರ್ ಬದಲಾಗಬೇಕು. ಬೆಂಕಿ ತಡೆಯುವ ದಪ್ಪನೆಯ ಬಟ್ಟೆ, ಹೆಲ್ಮೆಟ್ಟು, ಬಿಗಿದ ಬೆಲ್ಟು. ಅಪಾಯವಾದರೆ ಬೆಲ್ಟು ಬಿಚ್ಚಿಕೊಂಡು ಐದು ಸೆಕೆಂಡಿನಲ್ಲಿ ಹೊರಗೆ ಜಿಗಿಯಬೇಕು. ಹೊಟ್ಟೆಗಿಲ್ಲದ ಮೈಗೆ ಆಗುವ ಕೆಲಸವಲ್ಲ. ಬಹುಮಾನ ಬರಲಿಲ್ಲ. ಕಾರು ಓಟ ಮುಗಿಸಿತು. ಅರ್ಧ ದಾರಿಯಲ್ಲೇ ನಿಂತ ಕಾರುಗಳನ್ನು ಅಲ್ಲಿ ನೋಡಿದ ನನಗೆ, ಮುಗಿಸುವುದೇ ದೊಡ್ಡದು ಅನ್ನಿಸಿತು. ಆ ದಿನ ಅವಳ ತೂಕ 52.

ಅಕ್ಕತಂಗಿಯರೇ, ನಾವು ಸೇರಿದಾಗಲೆಲ್ಲ ಮೊದಲು ಆಡುವ ಮಾತೇ ದಪ್ಪ ಆದೆ, ಸಣ್ಣ ಆದೆ ಅನ್ನುವುದು. ಅದರಲ್ಲಿ ಕೆಟ್ಟ ಮನಸ್ಸಿಲ್ಲ, ಪ್ರೀತಿಯೇ ಇದೆ. ಆದರೆ ಆ ಮಾತನ್ನು ಯಾವ ಮಗು ಯಾವ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ ಅಂತ ನಮಗೆ ತಿಳಿಯುವುದಿಲ್ಲ. ನನಗೆ ತಿಳಿಯಲಿಲ್ಲ, ಮನೆಯಲ್ಲೇ ಇದ್ದರೂ. ಇನ್ನು ಮುಂದೆ ನಮ್ಮ ಕಾರ್ಯಕ್ರಮಗಳಿಗೆ ಬರುವ ಹೆಣ್ಣುಮಕ್ಕಳನ್ನು "ಏನು ಮಾಡ್ತಿದ್ದೀಯಮ್ಮ, ಊಟ ಆಯ್ತಾ?" ಅಂತ ಮೊದಲು ಕೇಳೋಣ. ಇಷ್ಟೇ ನನ್ನ ಕೋರಿಕೆ.

ಮಗಳು ಇವತ್ತು ಬಂದಿಲ್ಲ. ಹೊಸ ಕಾರಿನ ಕೆಲಸ ಶುರುವಾಗಿದೆ. ಅಂದಹಾಗೆ, ನನ್ನ ಅಡುಗೆಮನೆಯ ತಕ್ಕಡಿ ಇನ್ನೂ ವಾಪಸ್ ಬಂದಿಲ್ಲ. ಬೆಲ್ಲವನ್ನು ಕಣ್ಣಳತೆಯಲ್ಲೇ ಹಾಕುತ್ತಿದ್ದೇನೆ. ಇವತ್ತು ತಂದಿರುವ ಹೋಳಿಗೆಯಲ್ಲಿ ಸಿಹಿ ಹೆಚ್ಚಾಗಿದ್ದರೆ ಅದೇ ಕಾರಣ. ಎಲ್ಲರೂ ತಿಂದೇ ಹೋಗಬೇಕು.