ಶುಶ್ರೂಷೆ ಕಲಿಯುವವರ ಶುಶ್ರೂಷೆ



ಧಾರವಾಡದಿಂದ ಪುಣೆಗೆ ನರ್ಸಿಂಗ್ ಕಲಿಯಲು ಬಂದಿದ್ದ ನನ್ನ ತಂಗಿಯ ಮಗಳು ಮೊದಲ ವರ್ಷದ ಒಂದು ರಾತ್ರಿ ಫೋನ್ ಮಾಡಿದಳು. ಅವಳು ಆರೈಕೆ ಮಾಡುತ್ತಿದ್ದ ವೃದ್ಧೆ ಅಂದು ತೀರಿಕೊಂಡಿದ್ದರು. “ಮಾಮ, ಕೊನೆಗೆ ಅವರು ಮರಾಠಿಯಲ್ಲಿ ಏನೋ ಕೇಳಿದರು. ನನಗೆ ತಿಳಿಯಲಿಲ್ಲ” ಎಂದಳು. ಕಚೇರಿಯ ಕಡತಗಳಲ್ಲಿ ಮುಳುಗಿದ್ದ ನಾನು, “ಈ ವೃತ್ತಿಯಲ್ಲಿ ಇದೆಲ್ಲ ಸಹಜ, ಧೈರ್ಯ ತಂದುಕೋ” ಎಂದು ಮಾತು ಮುಗಿಸಿದೆ. ಆ ಬಳಿಕ ಅವಳು ತನ್ನ ಕಷ್ಟವನ್ನು ನನ್ನೆದುರು ಹೇಳಲೇ ಇಲ್ಲ.

ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ ವ್ಯಾಸಂಗ. ತರಗತಿ, ವಾರ್ಡು, ಪರೀಕ್ಷೆ ಮೂರನ್ನೂ ಒಟ್ಟಿಗೆ ನಿಭಾಯಿಸಬೇಕು. ಕೈತಪ್ಪಿದರೆ ರೋಗಿಗೆ ಅಪಾಯವೆಂಬ ಭಯ, ಎಲ್ಲರೆದುರು ಗದರಿಸುವ ಹಿರಿಯರು, ಸಾವನ್ನು ಮೊದಲ ಬಾರಿ ಹತ್ತಿರದಿಂದ ಕಂಡ ಆಘಾತ. ಊರು ಬಿಟ್ಟವರಿಗೆ ಇವೆಲ್ಲದರ ಮೇಲೆ ಭಾಷೆಯ ಒಂಟಿತನ. ಕೇರಳದಿಂದ ಕರ್ನಾಟಕಕ್ಕೆ ಬಂದು ಕಲಿಯುವ ಮಕ್ಕಳ ಪಾಡೂ ಇದೇ.

ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ನಿರ್ದೇಶಿಸಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಉತ್ತರಿಸುತ್ತದೆ. ಆದರೆ ಆದೇಶವೊಂದೇ ಸಾಲದೆಂಬುದನ್ನು ಸರ್ಕಾರಿ ಸೇವೆಯಲ್ಲಿ ತಲೆ ನರೆಸಿಕೊಂಡ ನಾನು ಬಲ್ಲೆ.

ಆದ್ದರಿಂದ ನನ್ನದೊಂದು ವಿನಂತಿ. ಈ ನಗರದಲ್ಲಿ ನರ್ಸಿಂಗ್ ಕಲಿಯುತ್ತಿರುವ ಕನ್ನಡದ ಮಕ್ಕಳನ್ನು ತಿಂಗಳಿಗೊಂದು ಭಾನುವಾರ ನಮ್ಮ ಮನೆಗಳಿಗೆ ಊಟಕ್ಕೆ ಕರೆಯೋಣ. ಉಪದೇಶ ಬೇಡ. ಅವರು ಹೇಳಲಿ, ನಾವು ಕೇಳೋಣ. ಅಂದು ನಾನು ಮಾಡದೆ ಹೋದದ್ದು ಅಷ್ಟೇ.