ಸಿಂಗಾಡ: ಕಾಯಿ ಒಳ್ಳೆಯದು, ಕೆರೆ ಹೇಗಿದೆ?

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ರೈತರಿಗಾಗಿ ಸಿದ್ಧಪಡಿಸಿದ ಭಾಷಣ)



ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ನೀರಿನ ಸ್ಥಿತಿ ಒಂದೇ ಬಗೆಯದಲ್ಲ. ಶ್ರೀರಂಗಪಟ್ಟಣ ಮತ್ತು ಪಾಂಡವಪುರಕ್ಕೆ ಕಾವೇರಿಯ ನಾಲೆಗಳು ಆಧಾರ. ಕೃಷ್ಣರಾಜಪೇಟೆಗೆ ಹೇಮಾವತಿ. ನಾಗಮಂಗಲದಲ್ಲಿ ಮಳೆಯನ್ನೇ ನಂಬಿದ ಕೆರೆಗಳು ಹೆಚ್ಚು. ಆದರೆ ಒಂದು ಮಾತು ಎಲ್ಲ ಕಡೆಗೂ ಸಲ್ಲುತ್ತದೆ. ಕೆರೆ ತುಂಬಿದ ವರ್ಷ ನಿಂತ ನೀರಿನಿಂದ ಮೀನು ಬಿಟ್ಟರೆ ಬೇರೆ ಆದಾಯ ಅಪರೂಪ. ಇಂತಹ ನೀರಿನಲ್ಲೇ ಉತ್ತರ ಪ್ರದೇಶ, ಬಿಹಾರ, ಮಧ್ಯಪ್ರದೇಶಗಳ ರೈತರು ಬೆಳೆಯುವ ಕಾಯಿ ಸಿಂಗಾಡ. ಇದನ್ನು ತಿನ್ನುವವರೂ ಬೆಳೆಯಬಯಸುವವರೂ ಅದರ ಗುಣ ಮತ್ತು ಅಪಾಯ ಎರಡನ್ನೂ ಅರಿತಿರಬೇಕು.

ಗಿಡದ ಪರಿಚಯ

ಸಂಸ್ಕೃತದಲ್ಲಿ ಇದಕ್ಕೆ ಶೃಂಗಾಟಕ ಎಂದು ಹೆಸರು. ಶೃಂಗವೆಂದರೆ ಕೊಂಬು. ಕಾಯಿಗೆ ಎರಡು ಕಡೆ ಕೊಂಬಿನಂತಹ ಮುಳ್ಳುಗಳಿರುವುದರಿಂದ ಈ ಹೆಸರು. ಬೇರು ಕೆಸರಿನಲ್ಲಿ, ಎಲೆಗಳು ನೀರಿನ ಮೇಲೆ ಚಕ್ರದಂತೆ ಹರಡಿ ತೇಲುತ್ತವೆ. ಎಲೆಯ ತೊಟ್ಟು ಗಾಳಿ ತುಂಬಿ ಉಬ್ಬಿರುತ್ತದೆ. ಕಾಯಿ ನೀರಿನೊಳಗೆ ಬಲಿಯುತ್ತದೆ. ಮುಂಗಾರಿನಲ್ಲಿ ಸಸಿ ನಾಟಿ ಮಾಡಿದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕಾಯಿ ಸಿಗುತ್ತದೆ. ಚೀನೀ ಅಡುಗೆಗೆ ಬಳಸುವ ದುಂಡನೆಯ ಗೆಡ್ಡೆ ಬೇರೆ. ಅದು ಜೊಂಡಿನ ಜಾತಿಯ ಗಿಡದ್ದು.

ಆಹಾರಗುಣ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕಗಳ ಪ್ರಕಾರ 100 ಗ್ರಾಂ ಹಸಿ ತಿರುಳಿನಲ್ಲಿ ಸುಮಾರು 70 ಗ್ರಾಂ ನೀರು, 23 ಗ್ರಾಂ ಪಿಷ್ಟ ಪದಾರ್ಥ, 4.7 ಗ್ರಾಂ ಸಸಾರಜನಕ ಇರುತ್ತವೆ. ಅದರಿಂದ 115 ಕ್ಯಾಲೊರಿ ಶಕ್ತಿ ದೊರೆಯುತ್ತದೆ. ಒಣಗಿಸಿದರೆ ಸಸಾರಜನಕ 13 ಗ್ರಾಂಗೂ, ಶಕ್ತಿ 330 ಕ್ಯಾಲೊರಿಗೂ ಏರುತ್ತದೆ. ನಮ್ಮ ರಾಗಿಯಲ್ಲಿ ಸಸಾರಜನಕ 7.3 ಗ್ರಾಂ, ಶಕ್ತಿ 328 ಕ್ಯಾಲೊರಿ. ಆದರೆ ಸುಣ್ಣದ ಅಂಶದಲ್ಲಿ ರಾಗಿಯೇ ಮುಂದು: ರಾಗಿಯಲ್ಲಿ 344 ಮಿಲಿಗ್ರಾಂ, ಒಣ ಸಿಂಗಾಡದಲ್ಲಿ 70 ಮಿಲಿಗ್ರಾಂ ಮಾತ್ರ. ಆದ್ದರಿಂದ ಸಿಂಗಾಡ ರಾಗಿಗೆ ಜೊತೆಯಾಗಬಹುದೇ ಹೊರತು ರಾಗಿಯ ಜಾಗಕ್ಕೆ ಬರಲಾರದು.

ಕಾಯನ್ನು ಬೇಯಿಸಿ ಉಪ್ಪು ಹಚ್ಚಿ ತಿನ್ನಬಹುದು, ಪಲ್ಯ ಮಾಡಬಹುದು. ಒಣಗಿಸಿ ಬೀಸಿದ ಹಿಟ್ಟಿನಿಂದ ರೊಟ್ಟಿ, ಗಂಜಿ ಮತ್ತು ಹಲ್ವ ಮಾಡುತ್ತಾರೆ. ಉತ್ತರದಲ್ಲಿ ಇದು ಉಪವಾಸದ ದಿನದ ಹಿಟ್ಟು. ಗೋಧಿಯಲ್ಲಿರುವ ಗ್ಲುಟೆನ್ ಇದರಲ್ಲಿಲ್ಲ. ಗೋಧಿ ಒಗ್ಗದವರಿಗೆ ಇದು ಅನುಕೂಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದರೆ ಆ ಲಾಭ ಉಳಿಯದು. ಸಿಹಿಮೂತ್ರ ರೋಗವುಳ್ಳವರು ಇದನ್ನು ಅನ್ನ, ಮುದ್ದೆಗಳಂತೆಯೇ ಲೆಕ್ಕಕ್ಕೆ ಹಿಡಿಯಬೇಕು. ಉಪವಾಸದ ತಿಂಡಿಯೆಂದು ಅಳತೆ ಮೀರಬಾರದು.

ಅಪಾಯ ಎಲ್ಲಿದೆ?

ಅಪಾಯವಿರುವುದು ತಿರುಳಿನಲ್ಲಲ್ಲ, ಸಿಪ್ಪೆಗೆ ಅಂಟಿಕೊಂಡು ಬರುವುದರಲ್ಲಿ. 1843ರಲ್ಲಿ ಲಂಡನ್ನಿನಲ್ಲಿ ಸತ್ತ ಒಬ್ಬ ಭಾರತೀಯ ನಾವಿಕನ ಕರುಳಿನಲ್ಲಿ ಜಾರ್ಜ್ ಬಸ್ಕ್ ಎಂಬ ವೈದ್ಯ ದೊಡ್ಡ ಚಪ್ಪಟೆ ಹುಳುಗಳನ್ನು ಕಂಡ. ಆ ಹುಳು ಇಂದಿಗೂ ಅವನ ಹೆಸರಿನಿಂದ ಫ್ಯಾಸಿಯೊಲಾಪ್ಸಿಸ್ ಬಸ್ಕಿ ಎನಿಸಿಕೊಂಡಿದೆ. ಇದು ಮನುಷ್ಯ ಮತ್ತು ಹಂದಿಯ ಕರುಳಿನಲ್ಲಿ ಬೆಳೆಯುತ್ತದೆ. ಮಲದೊಡನೆ ಮೊಟ್ಟೆ ಕೆರೆಗೆ ಸೇರುತ್ತದೆ. ಮರಿ ಬಸವನಹುಳುವಿನ ದೇಹ ಹೊಕ್ಕು ಬೆಳೆದು, ಹೊರಬಂದು, ನೀರಿನ ಗಿಡ ಮತ್ತು ಕಾಯಿಯ ಮೇಲೆ ಕಣ್ಣಿಗೆ ಕಾಣದ ಗುಳ್ಳೆಯಾಗಿ ಕೂರುತ್ತದೆ. ಹಸಿ ಕಾಯಿಯ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಸುಲಿದಾಗ ಅದು ಹೊಟ್ಟೆಗೆ ಹೋಗುತ್ತದೆ.

ಹೊಟ್ಟೆನೋವು, ಭೇದಿ, ಸೋಂಕು ಹೆಚ್ಚಿದರೆ ಮುಖ ಮತ್ತು ಹೊಟ್ಟೆಯ ಊತ ಇದರ ಲಕ್ಷಣಗಳು. ಮಕ್ಕಳಿಗೆ ಬಾಧೆ ಹೆಚ್ಚು. ಬಿಹಾರ, ಉತ್ತರ ಪ್ರದೇಶ, ಅಸ್ಸಾಂ ಮತ್ತು ಪಶ್ಚಿಮ ಬಂಗಾಳಗಳಲ್ಲಿ ಈ ಹುಳು ಕಂಡುಬಂದಿದೆ. ಸಂತೆಗೆ ಬರುವ ಕಾಯಿ ಯಾವ ಕೆರೆಯದೆಂದು ಕೊಳ್ಳುವವರಿಗೆ ತಿಳಿಯುವುದಿಲ್ಲವಾದ್ದರಿಂದ ಎಚ್ಚರಿಕೆ ಎಲ್ಲರಿಗೂ ಬೇಕು. ಕೆರೆಯಂಚಿನಲ್ಲಿ ಮೇಯುವ ದನಕರುಗಳ ಈಲಿಗೆ ಚಪ್ಪಟೆ ಹುಳು ಬೀಳುವುದನ್ನು ರೈತರು ಬಲ್ಲರು. ಅದು ಬೇರೆ ಹುಳು. ಬಸವನಹುಳುವಿನ ಮೂಲಕ ಬರುವ ದಾರಿ ಮಾತ್ರ ಇದೇ.

ಪಾಲಿಸಬೇಕಾದ ಕ್ರಮಗಳು

1. ಕಾಯನ್ನು ಹಲ್ಲಿನಿಂದ ಸುಲಿಯಬಾರದು. ಮಕ್ಕಳಿಗೆ ಹಸಿ ಕಾಯಿ ಕೊಡಬಾರದು. ಮುಳ್ಳಿನಿಂದ ಬಾಯಿಗೆ ಗಾಯವೂ ಆದೀತು.

2. ಶುದ್ಧ ನೀರಿನಲ್ಲಿ ಉಜ್ಜಿ ತೊಳೆದು, ಸಿಪ್ಪೆ ಸಮೇತ ಕುದಿಯುವ ನೀರಿನಲ್ಲಿ 15–20 ನಿಮಿಷ ಬೇಯಿಸಿ, ಅನಂತರ ಚಾಕುವಿನಿಂದ ಸುಲಿಯಬೇಕು. ಕುದಿತಕ್ಕೆ ಹುಳುವಿನ ಗುಳ್ಳೆ ಉಳಿಯದು.

3. ಹಸಿ ಕಾಯಿ ಮುಟ್ಟಿದ ಕೈ, ಚಾಕು, ಪಾತ್ರೆಗಳನ್ನು ತೊಳೆಯಬೇಕು.

4. ಹಿಟ್ಟು ಮಾಡುವ ತಿರುಳನ್ನು ಚೆನ್ನಾಗಿ ಒಣಗಿಸಬೇಕು. ಬೂಷ್ಟು ಹಿಡಿದದ್ದನ್ನು ಬಿಸಾಡಬೇಕು.

5. ಹಸಿ ಕಾಯಿ ತಿಂದವರಲ್ಲಿ ಮೇಲಿನ ಲಕ್ಷಣ ಕಂಡರೆ ಸಾಮಾನ್ಯ ಜಂತುಹುಳುವಿನ ಮಾತ್ರೆ ನುಂಗಿ ಸುಮ್ಮನಾಗಬಾರದು. ಈ ಹುಳುವಿಗೆ ಔಷಧಿಯೇ ಬೇರೆ. ಮಲ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಂತೆ ನಡೆಯಬೇಕು.

ಬೆಳೆಯುವ ಮೊದಲು

ಕುದಿಸಿದರೆ ಹುಳು ಸಾಯುತ್ತದೆ. ಆದರೆ ಊರಿನ ಚರಂಡಿ, ಕಾರ್ಖಾನೆಯ ಹೊಲಸು, ಗದ್ದೆಗೆ ಹೊಡೆದ ಔಷಧಿ ಕೆರೆಗೆ ಸೇರಿದ್ದರೆ ಅದರ ವಿಷ ಕುದಿಸಿದರೂ ಹೋಗದು. ನಾಗಮಂಗಲದ ಕಡೆ ಹುಟ್ಟಿದ ಲೋಕಪಾವನಿ ಪಾಂಡವಪುರವನ್ನು ಹಾದು ಶ್ರೀರಂಗಪಟ್ಟಣದ ಬಳಿ ಕಾವೇರಿ ಸೇರುತ್ತದೆ. ಮೇಲಿನವರು ಬಿಟ್ಟದ್ದು ಕೆಳಗಿನವರ ನೀರಿಗೆ ಬರುತ್ತದೆ. ಆದ್ದರಿಂದ ಚರಂಡಿ ಸೇರುವ, ಹಂದಿ ಹೊರಳುವ, ಬಯಲು ಶೌಚದ ಕೆರೆಯಲ್ಲಿ ಈ ಬೆಳೆ ಸಲ್ಲದು.

ಇನ್ನೊಂದು ಎಚ್ಚರಿಕೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕಕ್ಕೆ ಹೋದ ಈ ಗಿಡ ಅಲ್ಲಿನ ಈಶಾನ್ಯ ರಾಜ್ಯಗಳ ಕೆರೆ, ನದಿಗಳನ್ನು ಮುಚ್ಚಿ ದೊಡ್ಡ ಕಳೆಯಾಗಿದೆ. ಮೊದಲೇ ಜಲಕಳೆ ತುಂಬಿದ ನಮ್ಮ ನಾಲೆಗಳಿಗೆ ಇದನ್ನು ಬಿಡುವುದು ತರವಲ್ಲ. ಪ್ರಯತ್ನಿಸುವವರು ಸ್ವಂತ ಹೊಂಡದಲ್ಲಿ ಕೊಂಚ ಜಾಗದಲ್ಲಿ ಒಂದು ಹಂಗಾಮು ಬೆಳೆದು ನೋಡಲಿ. ಊರ ಕೆರೆಯಾದರೆ ಗ್ರಾಮ ಪಂಚಾಯತಿಯನ್ನೂ ಮೀನು ಹಿಡಿಯುವ ಹಕ್ಕುಳ್ಳವರನ್ನೂ ಕೇಳದೆ ಇಳಿಯಬಾರದು. ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಕೆರೆಯ ನೀರನ್ನು ಪರೀಕ್ಷೆ ಮಾಡಿಸಿದ ಮೇಲೆಯೇ ಸಸಿ ತರುವುದು ಕ್ಷೇಮ.

ಕೆರೆ ಶುದ್ಧವಾಗಿದ್ದು, ಒಲೆಯ ಮೇಲೆ ನೀರು ಕುದಿದರೆ ಸಿಂಗಾಡ ಒಳ್ಳೆಯ ಆಹಾರ. ಈ ಎರಡರಲ್ಲಿ ಒಂದು ತಪ್ಪಿದರೂ ಅದನ್ನು ಮಕ್ಕಳ ಕೈಗೆ ಕೊಡಬಾರದು.